ಕೈಯಿಂದ ಕೆತ್ತಿದ ಲಾಂಗ್‌ಬೋ: ಹೊಸ ಬಿಲ್ಲನ್ನು ಪರೀಕ್ಷಿಸಿ ಬಳಕೆಗೆ ತರುವ ಕ್ರಮ

ಕೈಯಿಂದ ಕೆತ್ತಿದ ಮರದ ಬಿಲ್ಲು ಪೆಟ್ಟಿಗೆಯಿಂದ ತೆಗೆದ ಕೂಡಲೇ ಪೂರ್ತಿ ಎಳೆದು ನೋಡುವ ವಸ್ತುವಲ್ಲ. ಕಾರ್ಖಾನೆಯಲ್ಲಿ ಅಚ್ಚು ಹಾಕಿ ತಯಾರಿಸಿದ ಫೈಬರ್‌ಗ್ಲಾಸ್ ಬಿಲ್ಲುಗಳು ಬಹುಮಟ್ಟಿಗೆ ಒಂದರಂತೆ ಇನ್ನೊಂದು ಇರುತ್ತವೆ. ಮರದ ಲಾಂಗ್‌ಬೋ, ಎಂದರೆ ಉದ್ದನೆಯ ನೀಳ ಬಿಲ್ಲು, ಹಾಗಲ್ಲ. ಮರದ ಎಳೆ ಎತ್ತ ಸಾಗಿದೆ, ಗಂಟು ಎಲ್ಲಿ ಕುಳಿತಿದೆ, ಮರ ಎಷ್ಟು ಒಣಗಿದೆ, ಮಾಡಿದವರು ಅದನ್ನು ಎಷ್ಟು ಅಂಗುಲದವರೆಗೆ ಬಗ್ಗಿಸಿ ಪಳಗಿಸಿದ್ದಾರೆ ಎಂಬುದರ ಮೇಲೆ ಪ್ರತಿಯೊಂದು ಬಿಲ್ಲಿನ ಶಕ್ತಿಯೂ ಮಿತಿಯೂ ನಿರ್ಧಾರವಾಗುತ್ತವೆ. ಆದ್ದರಿಂದ ಅದರ ಪರೀಕ್ಷೆಗೆ ಒಂದು ಕ್ರಮ ಬೇಕು: ಮೊದಲು ಕಣ್ಣು, ಅನಂತರ ಕೈ, ಕೊನೆಗೆ ಬಾಣ. ಬಿಲ್ಲಿನ ಮೇಲೆ ಬರೆದಿರುವ ಪೌಂಡಿನ ಅಂಕಿಯನ್ನೇ ಎಲ್ಲರೂ ಮೊದಲು ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದರ ಪಕ್ಕದಲ್ಲಿರುವ ಅಂಗುಲದ ಅಂಕಿಯೇ ಬಿಲ್ಲಿನ ಆಯುಷ್ಯವನ್ನು ನಿರ್ಧರಿಸುತ್ತದೆ.

ಇಲ್ಲಿ ಹೇಳುವ ವಿಧಾನ ಇಂಗ್ಲಿಷ್ ಲಾಂಗ್‌ಬೋ ಮಾದರಿಯ ಬಿಲ್ಲಿಗೆ ಸಂಬಂಧಿಸಿದ್ದು. ವಿವರಣೆಗಳೆಲ್ಲ ಎಡಗೈಯಲ್ಲಿ ಬಿಲ್ಲು ಹಿಡಿದು ಬಲಗೈಯಿಂದ ಹೆದೆ ಎಳೆಯುವವರನ್ನು ಗಮನದಲ್ಲಿಟ್ಟುಕೊಂಡಿವೆ. ಎಡಚರು ಬಲ-ಎಡಗಳನ್ನು ಅದಲುಬದಲು ಮಾಡಿಕೊಳ್ಳಬೇಕು.

ಕೈಯಲ್ಲಿರುವ ಬಿಲ್ಲು ಯಾವುದು?

ಲಾಂಗ್‌ಬೋದ ಎರಡು ಮೈಗಳಿಗೆ ಬೇರೆ ಬೇರೆ ಕೆಲಸವಿದೆ. ಗುರಿಯ ಕಡೆಗಿರುವ ಮೈ ಬೆನ್ನು. ಬಿಲ್ಲುಗಾರನ ಕಡೆಗಿರುವುದು ಹೊಟ್ಟೆ. ಬಿಲ್ಲನ್ನು ಎಳೆದಾಗ ಬೆನ್ನು ಸೆಳೆತಕ್ಕೂ ಹೊಟ್ಟೆ ಒತ್ತಡಕ್ಕೂ ಒಳಗಾಗುತ್ತದೆ. ಇಂಗ್ಲೆಂಡಿನ ಹಳೆಯ ಬಿಲ್ಲುಗಳಿಗೆ ಯೂ ಮರವನ್ನು ಆರಿಸಿಕೊಳ್ಳುತ್ತಿದ್ದುದರ ಕಾರಣ ಇದೇ: ಆ ಮರದ ಹೊರಪದರದ ಬಿಳಿಚಾದ ಭಾಗ ಸೆಳೆತವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಒಳಗಿನ ಕೆಂಗಂದು ತಿರುಳು ಒತ್ತಡವನ್ನು ತಾಳಿಕೊಳ್ಳುತ್ತದೆ. ಒಂದೇ ತುಂಡಿನಲ್ಲಿ ಎರಡೂ ಗುಣ ಸಿಗುವುದರಿಂದ ಈ ಮರಕ್ಕೆ ಎಷ್ಟು ಬೇಡಿಕೆಯಿತ್ತೆಂದರೆ, ಇಂಗ್ಲೆಂಡಿಗೆ ಸರಕು ತರುವ ಹಡಗುಗಳು ಪ್ರತಿ ಟನ್ನಿಗೆ ನಾಲ್ಕರಂತೆ ಬಿಲ್ಲಿನ ಮರದ ತುಂಡುಗಳನ್ನೂ ತರಬೇಕೆಂದು 1472ರಲ್ಲಿ ಕಾನೂನನ್ನೇ ಮಾಡಲಾಯಿತು. ಇಂದಿಗೂ ಒಳ್ಳೆಯ ಯೂ ದುಬಾರಿ. ಹೀಗಾಗಿ ಈಗ ಸಿಗುವ ಕೈಕೆಲಸದ ಲಾಂಗ್‌ಬೋಗಳಲ್ಲಿ ಬಹಳಷ್ಟು ಎರಡು ಮೂರು ಪದರಗಳನ್ನು ಅಂಟಿಸಿ ಮಾಡಿದವು: ಬೆನ್ನಿಗೆ ಹಿಕರಿ ಅಥವಾ ಬಿದಿರು, ಹೊಟ್ಟೆಗೆ ಇಪೆಯಂತಹ ಗಟ್ಟಿ ಮರ.

ನಿಮ್ಮ ಬಿಲ್ಲು ಒಂದೇ ತುಂಡಿನದೋ ಪದರಗಳದ್ದೋ ಎಂಬುದನ್ನು ಮಾಡಿದವರಲ್ಲಿ ಕೇಳಿ ತಿಳಿದುಕೊಳ್ಳಿ. ಪರೀಕ್ಷೆಯಲ್ಲಿ ಎಲ್ಲಿ ಹೆಚ್ಚು ಕಣ್ಣಿಡಬೇಕೆಂಬುದು ಅದರಿಂದ ಗೊತ್ತಾಗುತ್ತದೆ: ಒಂದೇ ತುಂಡಿನದಾದರೆ ಗಂಟುಗಳ ಸುತ್ತ, ಪದರಗಳದ್ದಾದರೆ ಅಂಟಿನ ಗೆರೆಯ ಉದ್ದಕ್ಕೂ. ಜೊತೆಗೆ ಮೂರು ಪ್ರಶ್ನೆ ಕೇಳಬೇಕು. ಬಿಲ್ಲನ್ನು ಎಷ್ಟು ಅಂಗುಲದವರೆಗೆ ಎಳೆದು ಪಳಗಿಸಲಾಗಿದೆ? ಆ ಅಂಗುಲವನ್ನು ಬಿಲ್ಲಿನ ಬೆನ್ನಿನವರೆಗೆ ಅಳೆದದ್ದೋ ಹೊಟ್ಟೆಯವರೆಗೋ? ಬ್ರೇಸ್ ಹೈಟ್, ಅಂದರೆ ಹೆದೆಯೇರಿಸಿದ ಬಿಲ್ಲಿನ ಹಿಡಿಗೂ ಹೆದೆಗೂ ನಡುವಿನ ಅಂತರ, ಎಷ್ಟಿರಬೇಕು? ಈ ಮೂರಕ್ಕೆ ಉತ್ತರ ಕೊಡಲಾರದವರಿಂದ ಬಿಲ್ಲು ಕೊಳ್ಳದಿರುವುದೇ ಲೇಸು.

ಮೊದಲು ನಿಮ್ಮನ್ನು ಅಳೆದುಕೊಳ್ಳಿ

ಬಿಲ್ಲಿನ ಮೇಲೆ ಸಾಮಾನ್ಯವಾಗಿ 45 ಪೌಂಡ್, 28 ಅಂಗುಲ ಎಂಬಂತೆ ಬರೆದಿರುತ್ತಾರೆ. ಹೆದೆಯನ್ನು 28 ಅಂಗುಲದವರೆಗೆ ಎಳೆದಾಗ ಬೆರಳುಗಳ ಮೇಲೆ 45 ಪೌಂಡಿನ, ಅಂದರೆ 20 ಕಿಲೋಗ್ರಾಮಿಗೆ ಸ್ವಲ್ಪ ಮೇಲ್ಪಟ್ಟ ಭಾರ ಬೀಳುತ್ತದೆ ಎಂದು ಇದರ ಅರ್ಥ. ನೀವು ಎಳೆಯುವುದು 28 ಅಂಗುಲವಲ್ಲದಿದ್ದರೆ ನಿಮ್ಮ ಪಾಲಿಗೆ ಅದು 45 ಪೌಂಡಿನ ಬಿಲ್ಲೂ ಅಲ್ಲ.

ಎಳೆತದ ಉದ್ದವನ್ನು ಅಂದಾಜು ಮಾಡಲು ಸುಲಭವಾದ ಲೆಕ್ಕವೊಂದಿದೆ. ಗೋಡೆಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈಗಳನ್ನು ಸಹಜವಾಗಿ ಚಾಚಿ, ಒಂದು ಕೈಯ ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಯವರೆಗೆ ಅಳೆಸಿಕೊಳ್ಳಿ. ಅದನ್ನು ಎರಡೂವರೆಯಿಂದ ಭಾಗಿಸಿ. ಚಾಚಿದ ಕೈಗಳ ಅಳತೆ 170 ಸೆಂಟಿಮೀಟರ್ ಇದ್ದವರಿಗೆ 68 ಸೆಂಟಿಮೀಟರ್, ಅಂದರೆ 27 ಅಂಗುಲಕ್ಕೆ ತುಸು ಕಡಿಮೆ ಬರುತ್ತದೆ. 45 ಪೌಂಡಿನ ಆಸುಪಾಸಿನ ಬಿಲ್ಲಿನಲ್ಲಿ ಒಂದು ಅಂಗುಲದ ವ್ಯತ್ಯಾಸಕ್ಕೆ ಎರಡರಿಂದ ಮೂರು ಪೌಂಡ್ ಏರಿಳಿಯುವುದರಿಂದ, ಇಂಥವರ ಕೈಯಲ್ಲಿ ಆ ಬಿಲ್ಲು 42 ಪೌಂಡಿನ ಹತ್ತಿರ ನಿಲ್ಲುತ್ತದೆ. ಇದರಿಂದ ಬಿಲ್ಲಿಗೆ ಅಪಾಯವೇನೂ ಇಲ್ಲ. ಅಪಾಯವಿರುವುದು ಇದರ ವಿರುದ್ಧ ದಿಕ್ಕಿನಲ್ಲಿ: ಚಾಚಿದ ಕೈಗಳ ಅಳತೆ 185 ಸೆಂಟಿಮೀಟರ್ ಇರುವವರ ಎಳೆತ 29 ಅಂಗುಲ ದಾಟುತ್ತದೆ, ಆದರೆ 28 ಅಂಗುಲಕ್ಕೆ ಪಳಗಿಸಿದ ಮರ ಆ ಹೆಚ್ಚಿನ ಒಂದು ಅಂಗುಲವನ್ನು ಎಂದೂ ಕಂಡಿರುವುದಿಲ್ಲ. ಗೆಳೆಯರ ನಡುವೆ ಬಿಲ್ಲು ಕೈಯಿಂದ ಕೈಗೆ ದಾಟುವಾಗ ಎತ್ತರದವರೊಬ್ಬರು ಕಿವಿಯವರೆಗೆ ಎಳೆದು ಬಿಲ್ಲನ್ನು ಕೆಡಿಸುವುದಕ್ಕೆ ಇದೇ ಕಾರಣ.

ಭಾರದ ವಿಷಯದಲ್ಲಿ ಒಂದು ಮಾತು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ 1545ರಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿ, 1982ರಲ್ಲಿ ಮೇಲೆತ್ತಲ್ಪಟ್ಟಿತು. ಅದರೊಳಗೆ ಸಿಕ್ಕ ನೂರಕ್ಕೂ ಹೆಚ್ಚು ಲಾಂಗ್‌ಬೋಗಳ ಎಳೆತದ ಭಾರವನ್ನು ಸುಮಾರು 100ರಿಂದ 185 ಪೌಂಡ್ ಎಂದು ಅಂದಾಜು ಮಾಡಲಾಗಿದೆ. ಈ ಅಂಕಿಗಳನ್ನು ಓದಿ 70 ಪೌಂಡಿನ ಬಿಲ್ಲು ತರಿಸುವವರಿದ್ದಾರೆ. ಆ ಕಾಲದ ಬಿಲ್ಲುಗಾರರು ಬಾಲ್ಯದಿಂದಲೇ ವರ್ಷ ವರ್ಷ ಭಾರ ಹೆಚ್ಚಿಸಿಕೊಂಡು ಪಳಗಿದವರು. ಮೊದಲ ಲಾಂಗ್‌ಬೋಗೆ ವಯಸ್ಕರಿಗೆ 30ರಿಂದ 40 ಪೌಂಡ್ ಧಾರಾಳವಾಗಿ ಸಾಕು. ನಮ್ಮ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳ ಇಂಡಿಯನ್ ರೌಂಡ್ ವಿಭಾಗದ ಬಿದಿರಿನ ಬಿಲ್ಲಿನಲ್ಲಿ ಪಳಗಿದವರು ಇನ್ನೂ ಸ್ವಲ್ಪ ಮೇಲೆ ಹೋಗಬಹುದು. ಕೈಗೆ ಮೀರಿದ ಬಿಲ್ಲನ್ನು ಪರೀಕ್ಷಿಸಲೂ ಆಗುವುದಿಲ್ಲ, ಏಕೆಂದರೆ ನಡುಗುತ್ತಿರುವುದು ಬಿಲ್ಲೋ ತೋಳೋ ಎಂಬುದು ತಿಳಿಯುವುದಿಲ್ಲ.

ಹೆದೆ ಏರಿಸುವ ಮೊದಲು

ಬಿಲ್ಲನ್ನು ಹಗಲಿನ ಬೆಳಕಿಗೆ ತಂದು, ಕಿಟಕಿಯ ಬಳಿ ಓರೆಯಾಗಿ ಹಿಡಿದು ತುದಿಯಿಂದ ತುದಿಗೆ ನೋಡಿ. ಮೊದಲು ಬೆನ್ನು. ಹತ್ತಿಯ ಒಂದು ಸಣ್ಣ ಉಂಡೆಯನ್ನು ತೆಗೆದುಕೊಂಡು ಬೆನ್ನಿನ ಮೇಲೆ ಮತ್ತು ಅದರ ಎರಡೂ ಅಂಚುಗಳ ಮೇಲೆ ಹಗುರವಾಗಿ ಎಳೆಯಿರಿ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಬಿರು ಎದ್ದಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಬೆನ್ನಿನಲ್ಲಿ ಎದ್ದ ಸಿಬಿರು ಎಂದರೆ ಅಲ್ಲಿಂದಲೇ ಬಿಲ್ಲು ಸೀಳಬಹುದು ಎಂದರ್ಥ. ಅಂಥ ಬಿಲ್ಲಿಗೆ ಹೆದೆ ಏರಿಸದೆ ಮಾಡಿದವರಿಗೆ ತೋರಿಸಬೇಕು.

ಅನಂತರ ಹೊಟ್ಟೆ. ಇಲ್ಲಿ ಹುಡುಕಬೇಕಾದದ್ದು ಮರದ ಎಳೆಗೆ ಅಡ್ಡವಾಗಿ ಓಡುವ ಕೂದಲೆಳೆಯಂತಹ ಗೆರೆಗಳನ್ನು. ಒತ್ತಡ ತಾಳಲಾರದೆ ಮರದ ನಾರುಗಳು ಒಳಗೇ ಕುಸಿದಾಗ ಇಂಥ ಗೆರೆಗಳು ಮೂಡುತ್ತವೆ. ಉಗುರನ್ನು ಮೆಲ್ಲಗೆ ಎಳೆದರೆ ಅಲ್ಲಿ ಸಣ್ಣ ತಡೆ ಸಿಗುತ್ತದೆ. ಪಾಲಿಶಿನ ಮೇಲ್ಪದರದ ಬಿರುಕು ಕೂಡ ಹೀಗೆಯೇ ಕಾಣಬಹುದು, ಆದರೆ ಅದು ಸಾಮಾನ್ಯವಾಗಿ ಎಲ್ಲೆಡೆ ಚದುರಿರುತ್ತದೆ. ಒತ್ತಡದ ಗೆರೆಗಳು ಹೆಚ್ಚು ಬಗ್ಗುವ ಒಂದೇ ಜಾಗದಲ್ಲಿ, ಬಹುಮಟ್ಟಿಗೆ ಗಂಟಿನ ಪಕ್ಕದಲ್ಲಿ, ಗುಂಪುಗೂಡಿರುತ್ತವೆ. ಎಳೆಗೆ ಉದ್ದಕ್ಕೆ ಇರುವ, ಮರ ಒಣಗುವಾಗ ಬಿಟ್ಟ ಸೀಳುಗಳು ಇಷ್ಟು ಗಂಭೀರವಲ್ಲ, ಅವು ಅಂಚನ್ನು ದಾಟಿ ಹೊರಬೀಳದಿದ್ದರೆ ಸಾಕು.

ಕೊನೆಗೆ ಕೊಪ್ಪುಗಳು, ಎಂದರೆ ಹೆದೆಯ ಕುಣಿಕೆ ಕೂರುವ ಎರಡು ತುದಿಗಳು. ಲಾಂಗ್‌ಬೋಗಳಲ್ಲಿ ಇವನ್ನು ಸಾಂಪ್ರದಾಯಿಕವಾಗಿ ಕೊಂಬಿನಿಂದ ಮಾಡಿ ಅಂಟಿಸುತ್ತಾರೆ. ಬೆರಳಿನಿಂದ ತಿರುಗಿಸಿ ನೋಡಿ. ಅವು ಅಲುಗಾಡಬಾರದು, ಕಾಡಿಯ, ಎಂದರೆ ಕುಣಿಕೆ ಕೂರುವ ತೋಡಿನ, ಅಂಚು ಹೆದೆಯನ್ನು ಕೊಯ್ಯುವಷ್ಟು ಹರಿತವಾಗಿರಬಾರದು.

ಹೆದೆಯನ್ನೂ ಈಗಲೇ ನೋಡಿಬಿಡಿ. ಮರದ ಬಿಲ್ಲಿಗೆ ಡೇಕ್ರಾನ್‌ನಂತಹ, ಸ್ವಲ್ಪ ಹಿಗ್ಗುವ ದಾರದ ಹೆದೆಯೇ ಕ್ಷೇಮ. ಆಧುನಿಕ ಬಿಲ್ಲುಗಳಿಗೆ ಬಳಸುವ, ಹಿಗ್ಗದ ದಾರದ ಹೆದೆ ಪ್ರತಿ ಬಾಣಕ್ಕೂ ಕೊಪ್ಪಿನ ಮೇಲೆ ಕಠಿಣವಾದ ಪೆಟ್ಟು ಕೊಡುತ್ತದೆ. ಮಾಡಿದವರು ತುದಿಗಳನ್ನು ಅದಕ್ಕಾಗಿಯೇ ಬಲಪಡಿಸಿದ್ದೇನೆ ಎಂದು ಹೇಳಿದ ಹೊರತು ಅದನ್ನು ಬಳಸಬಾರದು. ಪರೀಕ್ಷೆಯ ಕೊನೆಗೆ ಹೋಲಿಸಲು ಬೇಕಾಗುವುದರಿಂದ, ಹೆದೆಯಿಲ್ಲದ ಬಿಲ್ಲಿನ ಬೆನ್ನನ್ನು ಗೋಡೆಗೆ ತಾಗಿಸಿಟ್ಟು ಎರಡೂ ತುದಿಗಳು ಗೋಡೆಯಿಂದ ಎಷ್ಟು ದೂರ ನಿಲ್ಲುತ್ತವೆ ಎಂಬುದನ್ನು ಅಳೆದು ಬರೆದಿಡಿ.

ಹೆದೆ ಏರಿಸುವುದು

ಕಾಲುಗಳ ನಡುವೆ ಬಿಲ್ಲನ್ನು ತೂರಿಸಿ, ತೊಡೆಗೆ ಒತ್ತುಕೊಟ್ಟು ಬಗ್ಗಿಸಿ ಹೆದೆ ಏರಿಸುವ ಪದ್ಧತಿ ಚಿತ್ರಗಳಲ್ಲಿ ಬಹಳ ಕಾಣುತ್ತದೆ. ಇದರಿಂದ ಬಿಲ್ಲಿನ ಲಿಂಬ್, ಎಂದರೆ ಹಿಡಿಯಿಂದ ತುದಿಯವರೆಗಿನ ಬಾಗುವ ಭಾಗ, ಪಕ್ಕಕ್ಕೆ ತಿರುಚಿಕೊಳ್ಳುವ ಸಾಧ್ಯತೆಯಿದೆ. ಹೊಸ ಬಿಲ್ಲಿಗೆ ಸ್ಟ್ರಿಂಗರ್ ಎಂಬ ಹಗ್ಗದ ಸಾಧನವನ್ನೇ ಬಳಸಿ. ಅದರ ಎರಡು ತುದಿಗಳ ಟೊಪ್ಪಿಗೆಗಳನ್ನು ಕೊಪ್ಪುಗಳಿಗೆ ತೊಡಿಸಿ, ಹೆದೆಯ ಕೆಳಗಿನ ಕುಣಿಕೆಯನ್ನು ಮೊದಲೇ ಕಾಡಿಯಲ್ಲಿ ಕೂರಿಸಿ, ನೆಲಕ್ಕೆ ಇಳಿಬಿದ್ದ ಹಗ್ಗದ ನಡುಭಾಗವನ್ನು ಪಾದದಿಂದ ಮೆಟ್ಟಿಕೊಂಡು ಬಿಲ್ಲಿನ ಹಿಡಿಯನ್ನು ನೇರವಾಗಿ ಮೇಲಕ್ಕೆ ಎತ್ತಿ. ಬಿಲ್ಲು ಬಾಗುತ್ತಿದ್ದಂತೆ ಇನ್ನೊಂದು ಕೈಯಿಂದ ಮೇಲಿನ ಕುಣಿಕೆಯನ್ನು ಸರಿಸಿ ಕಾಡಿಗೆ ಇಳಿಸಿ. ಮುಖವನ್ನು ಬಿಲ್ಲಿನ ತುದಿಯ ನೇರಕ್ಕೆ ತರಬೇಡಿ. ಬಿಲ್ಲನ್ನು ಸಡಿಲಿಸುವ ಮೊದಲು ಎರಡೂ ಕುಣಿಕೆಗಳು ಕಾಡಿಯೊಳಗೆ ಪೂರ್ತಿಯಾಗಿ ಕೂತಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ನಿಧಾನವಾಗಿ ಇಳಿಸಿ.

ಬ್ರೇಸ್ ಹೈಟನ್ನು ಮೊದಲ ಸಲ ಕಡಿಮೆಯಿಟ್ಟು, ಐದು ಅಂಗುಲದ ಹತ್ತಿರ, ಕಾಲು ಗಂಟೆ ಬಿಡುವುದು ಒಳ್ಳೆಯದು. ಅನಂತರ ಹೆದೆಯನ್ನು ಇಳಿಸಿ, ಅದು ಹೊಸೆದಿರುವ ದಿಕ್ಕಿನಲ್ಲೇ ಇನ್ನಷ್ಟು ಸುತ್ತು ಹೊಸೆದರೆ ಹೆದೆ ಗಿಡ್ಡವಾಗಿ ಬ್ರೇಸ್ ಹೈಟ್ ಏರುತ್ತದೆ. ಮಾಡಿದವರು ಹೇಳಿದ ಅಳತೆಯೇ ಅಂತಿಮ. ಅವರು ಹೇಳದಿದ್ದರೆ ಹಿಡಿಯ ಮೇಲೆ ಮುಷ್ಟಿ ಇಟ್ಟು ಹೆಬ್ಬೆರಳನ್ನು ನೆಟ್ಟಗೆ ಹೆದೆಯ ಕಡೆಗೆ ಚಾಚಿದಾಗ ಉಗುರಿನ ತುದಿ ಹೆದೆಯನ್ನು ಮುಟ್ಟುವಷ್ಟು, ಎಂದರೆ ಆರರಿಂದ ಆರೂವರೆ ಅಂಗುಲ ಇಟ್ಟುಕೊಳ್ಳಬಹುದು. ಇಂಗ್ಲಿಷ್ ಬಿಲ್ಲುಗಾರರು ಹಿಂದಿನಿಂದಲೂ ಬಳಸುವ ಅಳತೆ ಇದೇ.

ಹೆದೆ ಏರಿದ ಬಿಲ್ಲಿನ ಕೆಳತುದಿಯನ್ನು ಮೇಜಿನ ಮೇಲಿಟ್ಟು, ಹೆದೆಯ ಕಡೆಯಿಂದ ಒಂದೇ ಕಣ್ಣಿನಲ್ಲಿ ಉದ್ದಕ್ಕೂ ನೋಡಿ. ಹೆದೆಯ ಗೆರೆ ಹಿಡಿಯನ್ನು ನಡುಮಧ್ಯೆ ಕತ್ತರಿಸಿದಂತೆ ಹೋಗಬೇಕು. ಎರಡು ಮೂರು ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ ಒಂದೇ ತುಂಡಿನ ಮರದಲ್ಲಿ ಅದು ದೋಷವೆನಿಸುವುದಿಲ್ಲ. ಬಾಣ ಹಾಯುವ ಎಡಬದಿಗೆ ಸರಿದಿದ್ದರೆ ಅನುಕೂಲವೇ ಆಗುತ್ತದೆ. ಹಿಡಿಯ ಅಂಚಿಗೇ ಬಂದಿದ್ದರೆ ಮಾತ್ರ ಒಪ್ಪಬೇಡಿ. ಅನಂತರ ಹಿಡಿಯ ಎರಡೂ ಕಡೆ ಸಮ ದೂರದಲ್ಲಿ ಹೆದೆಗೂ ಲಿಂಬ್‌ಗೂ ನಡುವಿನ ಅಂತರ ಅಳೆಯಿರಿ. ಮೇಲಿನದು ಕೆಳಗಿನದಕ್ಕಿಂತ 3ರಿಂದ 6 ಮಿಲಿಮೀಟರ್ ಹೆಚ್ಚಿರುವುದು ಸಾಮಾನ್ಯ, ಏಕೆಂದರೆ ಬಿಲ್ಲನ್ನು ಹಿಡಿಯುವ ಕೈ ಬಾಣಕ್ಕಿಂತ ಕೆಳಗಿರುತ್ತದೆ, ಅದಕ್ಕೆ ತಕ್ಕಂತೆ ಕೆಳಗಿನ ಲಿಂಬನ್ನು ತುಸು ಬಿಗಿಯಾಗಿ ಇಟ್ಟಿರುತ್ತಾರೆ.

ಬಾಣವಿಲ್ಲದೆ ಎಳೆಯುವುದು

ಯಕ್ಷಗಾನ, ಗಮಕ ಕೇಳಿ ಬೆಳೆದವರಿಗೆ ಬಿಲ್ಲು ಕೈಗೆ ಬಂದೊಡನೆ ಹೆದೆಯೆಳೆದು ಟಂಕಾರ ಮಾಡುವ ಆಸೆ ಹುಟ್ಟುವುದು ಸಹಜ. ಕಾವ್ಯದ ವೀರರಿಗೆ ಅದು ಶೋಭಿಸಲಿ. ಮರದ ಬಿಲ್ಲಿಗೆ ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿಲ್ಲ. ಎಳೆದ ಬಿಲ್ಲಿನಲ್ಲಿ ತುಂಬಿಕೊಂಡ ಶಕ್ತಿಯ ಹೆಚ್ಚಿನ ಪಾಲನ್ನು ಬಾಣ ಹೊತ್ತೊಯ್ಯುತ್ತದೆ. ಬಾಣವಿಲ್ಲದಿದ್ದರೆ ಅಷ್ಟೂ ಶಕ್ತಿ ಲಿಂಬ್‌ಗಳಿಗೂ ಕೊಪ್ಪುಗಳಿಗೂ ಹೆದೆಗೂ ಮರಳಿ ಬಡಿಯುತ್ತದೆ, ಬಿಲ್ಲು ಒಂದೇ ಏಟಿಗೆ ಚೂರಾಗಬಹುದು. ಆದ್ದರಿಂದ ಈ ಹಂತದಲ್ಲಿ ಎಳೆದದ್ದನ್ನೆಲ್ಲ ಬೆರಳು ಬಿಡದೆ ನಿಧಾನವಾಗಿಯೇ ಹಿಂದಕ್ಕೆ ತರಬೇಕು.

ಮೊದಲು ಹೆದೆಯನ್ನು ಬ್ರೇಸ್ ಹೈಟ್‌ಗಿಂತ ನಾಲ್ಕೈದು ಅಂಗುಲ ಮಾತ್ರ ಎಳೆದು ಬಿಡದೆ ಇಳಿಸಿ. ಇದನ್ನು ಹತ್ತು ಹದಿನೈದು ಸಲ ಮಾಡಿ. ಅನಂತರ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ನಿಮ್ಮ ಪೂರ್ಣ ಎಳೆತಕ್ಕಿಂತ ಎರಡು ಅಂಗುಲ ಕಡಿಮೆಯವರೆಗೆ ಬನ್ನಿ. ಪ್ರತಿ ಬಾರಿ ಕಿವಿಯಿಟ್ಟು ಕೇಳಿ. ಮೊದಮೊದಲು ಹೆದೆ ಕೂರುವ, ಹಿಡಿಯ ಚರ್ಮ ಸರಿಯುವ ಕಿರಿಕಿರಿ ಸದ್ದು ಬರುವುದುಂಟು. ಆದರೆ ಕಡ್ಡಿ ಲಟಕ್ಕೆಂದಂತೆ ಒಣ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ, ಹೆದೆ ಇಳಿಸಿ, ಹತ್ತಿಯ ಪರೀಕ್ಷೆಯನ್ನು ಮತ್ತೆ ಮಾಡಿ.

ಇಲ್ಲಿ ಇನ್ನೊಬ್ಬರ ನೆರವು ಬೇಕು. ಟೈಲ್ಸ್ ಹಾಕಿದ ಗೋಡೆಯ ಮುಂದೆ ನಿಂತು ಬಿಲ್ಲನ್ನು ಎಳೆಯಿರಿ. ಅವರು ಬಿಲ್ಲಿನ ನಡುಭಾಗದ ಎತ್ತರಕ್ಕೆ ಮೊಬೈಲ್ ಹಿಡಿದು ಫೋಟೋ ತೆಗೆಯಲಿ. ಟೈಲ್ಸ್‌ನ ಅಡ್ಡ-ಉದ್ದ ಗೆರೆಗಳ ಹಿನ್ನೆಲೆಯಲ್ಲಿ ಬಾಗಿನ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಎರಡೂ ಲಿಂಬ್‌ಗಳು ಒಂದೇ ಬಗೆಯ ಹರಿವಿನ ಕಮಾನಾಗಿ ಬಾಗಿರಬೇಕು. ಒಂದು ಕಡೆ ಮಾತ್ರ ಮಡಚಿದಂತೆ ಕಂಡರೆ ಆ ಜಾಗದ ಮೇಲೆ ಹೊರೆಯೆಲ್ಲ ಬೀಳುತ್ತಿದೆ ಎಂದು ತಿಳಿಯಬೇಕು. ಹೊಟ್ಟೆಯ ಅಡ್ಡಗೆರೆಗಳು ಮುಂದೆ ಹುಟ್ಟುವುದು ಅಲ್ಲಿಯೇ. ಒಂದು ಕಡೆ ನೇರವಾಗಿಯೇ ಉಳಿದಿದ್ದರೆ ಅಲ್ಲಿ ಮರ ದಪ್ಪ ಉಳಿದಿದೆ, ಅದರ ಪಾಲಿನ ಕೆಲಸವನ್ನು ಪಕ್ಕದ ಭಾಗ ಮಾಡುತ್ತಿದೆ ಎಂದರ್ಥ. ಹಿಡಿಯ ಭಾಗದ ಬಗ್ಗೆ ಮಾತ್ರ ಅವಸರದ ತೀರ್ಪು ಬೇಡ. ಹಳೆಯ ಯುದ್ಧದ ಬಿಲ್ಲುಗಳ ಮಾದರಿ ಹಿಡಿಯಲ್ಲೂ ಸ್ವಲ್ಪ ಬಾಗುತ್ತದೆ, ವಿಕ್ಟೋರಿಯಾ ರಾಣಿಯ ಕಾಲದ ಕ್ರೀಡಾ ಬಿಲ್ಲುಗಳ ಮಾದರಿಯಲ್ಲಿ ಹಿಡಿ ಬಿಗಿಯಾಗಿರುತ್ತದೆ. ಎರಡೂ ಸರಿಯೇ.

ಎಳೆತದ ಭಾರ ಅಳೆಯಲು ಪ್ರಯಾಣದ ಪೆಟ್ಟಿಗೆ ತೂಗುವ 50 ಕಿಲೋಗ್ರಾಮಿನ ಡಿಜಿಟಲ್ ತೂಕದ ಕೊಕ್ಕೆ ಸಾಕು. ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ಅಂಗುಲಗಳ ಗುರುತು ಹಾಕಿದ ಉದ್ದನೆಯ ಕಡ್ಡಿಯೊಂದನ್ನು ಹೆದೆಯಿಂದ ಹಿಡಿಯ ಪಕ್ಕಕ್ಕೆ ಹಾಯಿಸಿ, 20 ಅಂಗುಲದಿಂದ ಆರಂಭಿಸಿ ಪ್ರತಿ ಅಂಗುಲಕ್ಕೂ ಭಾರವನ್ನು ಬರೆದುಕೊಳ್ಳಿ. ಕಿಲೋಗ್ರಾಮನ್ನು 2.2ರಿಂದ ಗುಣಿಸಿದರೆ ಪೌಂಡ್ ಸಿಗುತ್ತದೆ. ಅಂಗುಲಕ್ಕೆ ಎರಡು ಮೂರು ಪೌಂಡಿನಂತೆ ಸಮವಾಗಿ ಏರುತ್ತಿದ್ದರೆ ಬಿಲ್ಲು ನಿಮ್ಮ ಎಳೆತಕ್ಕೆ ಹೊಂದಿದೆ. ಕೊನೆಯ ಒಂದೆರಡು ಅಂಗುಲಗಳಲ್ಲಿ ಭಾರ ಇದ್ದಕ್ಕಿದ್ದಂತೆ ನಾಲ್ಕೈದು ಪೌಂಡ್ ಜಿಗಿದರೆ ಬಿಲ್ಲು ನಿಮಗೆ ಗಿಡ್ಡವಾಗಿದೆ, ತನ್ನ ಮಿತಿಗೆ ಬಂದು ನಿಂತಿದೆ. ಬರೆದ ಅಂಕಿಗೂ ನಿಮ್ಮ ಅಳತೆಗೂ ಒಂದೆರಡು ಪೌಂಡಿನ ವ್ಯತ್ಯಾಸ ಬಂದರೆ ಜಗಳಕ್ಕೆ ಹೋಗಬೇಡಿ. ಮರ ಋತುವಿಗೆ ತಕ್ಕಂತೆ ಅಷ್ಟು ಏರಿಳಿಯುತ್ತದೆ.

ಬಾಣಗಳ ಆಯ್ಕೆ

ಬಿಲ್ಲಿನ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ನಿಜವಾಗಿ ಬಾಣಗಳ ದೂರುಗಳು. ಆಧುನಿಕ ಬಿಲ್ಲುಗಳಲ್ಲಿ ಬಾಣ ಹಾಯಲು ನಡುವಿನಲ್ಲೇ ಕಿಂಡಿ ಕತ್ತರಿಸಿರುತ್ತಾರೆ. ಲಾಂಗ್‌ಬೋದಲ್ಲಿ ಅದಿಲ್ಲ, ಬಾಣ ಹಿಡಿಯ ಪಕ್ಕದಲ್ಲಿ, ನಿಮ್ಮ ಬೆರಳಿನ ಗೆಣ್ಣಿನ ಮೇಲೆಯೇ ಕೂತಿರುತ್ತದೆ, ಹೆದೆ ಮಾತ್ರ ಹಿಡಿಯ ನಡುವಿಗೆ ಧಾವಿಸುತ್ತದೆ. ಹೀಗಾಗಿ ಬಾಣ ಹೊರಡುವಾಗ ಬಾಗಿ, ಬಿಲ್ಲನ್ನು ಬಳಸಿಕೊಂಡು, ಮತ್ತೆ ನೆಟ್ಟಗಾಗಿ ಗುರಿಯತ್ತ ಹೋಗಬೇಕು. ಬಾಣ ಎಷ್ಟು ಬಾಗುತ್ತದೆ ಎಂಬ ಗುಣಕ್ಕೆ ಸ್ಪೈನ್ ಎನ್ನುತ್ತಾರೆ. ಮರದ ಬಾಣದ ಕಡ್ಡಿಯನ್ನು 26 ಅಂಗುಲ ಅಂತರದ ಎರಡು ಆಧಾರಗಳ ಮೇಲಿಟ್ಟು, ನಡುವೆ ಎರಡು ಪೌಂಡ್ ತೂಕ ತೂಗಿಬಿಟ್ಟು, ಅದು ಎಷ್ಟು ಜಗ್ಗಿತು ಎಂಬುದನ್ನು ಅಂಗುಲದಲ್ಲಿ ಅಳೆದು, 26ನ್ನು ಆ ಅಂಕಿಯಿಂದ ಭಾಗಿಸಿದರೆ ಸ್ಪೈನ್ ಪೌಂಡುಗಳಲ್ಲಿ ಸಿಗುತ್ತದೆ. ಅರ್ಧ ಅಂಗುಲ ಜಗ್ಗಿದರೆ 52 ಪೌಂಡ್. ನಿಮ್ಮ ಎಳೆತದಲ್ಲಿ 42 ಪೌಂಡ್ ಇರುವ ಲಾಂಗ್‌ಬೋಗೆ 35ರಿಂದ 45ರ ನಡುವಿನ ಸ್ಪೈನ್‌ನ ಕಡ್ಡಿಗಳಿಂದ ಪರೀಕ್ಷೆ ಆರಂಭಿಸಬಹುದು.

ಬಾಣದ ತೂಕವೂ ಮುಖ್ಯ. ಪ್ರತಿ ಪೌಂಡ್ ಎಳೆತಕ್ಕೆ 10 ಗ್ರೇನ್ ಎಂಬುದು ಮರದ ಬಿಲ್ಲಿಗೆ ಕ್ಷೇಮವಾದ ಲೆಕ್ಕ. 45 ಪೌಂಡಿಗೆ 450 ಗ್ರೇನ್, ಎಂದರೆ 29 ಗ್ರಾಂ. ಹಗುರವಾದ ಕಾರ್ಬನ್ ಬಾಣ ವೇಗವಾಗಿ ಹೋಗುತ್ತದೆ ನಿಜ, ಆದರೆ ಅದು ಒಯ್ಯಲಾರದ ಶಕ್ತಿಯೆಲ್ಲ ಬಿಲ್ಲಿನಲ್ಲೇ ಉಳಿದು ಅದನ್ನು ಜರ್ಝರಿತಗೊಳಿಸುತ್ತದೆ. ಗರಿಗಳು ಹಕ್ಕಿಯ ಗರಿಗಳೇ ಆಗಿರಲಿ. ಪ್ಲಾಸ್ಟಿಕ್ ಗರಿ ಬೆರಳಿನ ಗೆಣ್ಣಿಗೂ ಬಿಲ್ಲಿಗೂ ತಗುಲಿ ಬಾಣವನ್ನು ಎತ್ತಿ ಎಸೆಯುತ್ತದೆ. ನಿಜವಾದ ಗರಿ ತಗುಲಿದಲ್ಲಿ ಮಡಚಿಕೊಂಡು ದಾಟುತ್ತದೆ. ಗರಿಯ ಮುಂದಿನ ಚೂಪು ತುದಿಯನ್ನು ದಾರ ಸುತ್ತಿ ಅಂಟಿನಿಂದ ಮುಚ್ಚಿರಬೇಕು. ಮುಚ್ಚದ ತುದಿ ಪ್ರತಿ ಬಾಣಕ್ಕೂ ಎಡಗೈ ತೋರುಬೆರಳಿನ ಗೆಣ್ಣನ್ನು ಕೊಯ್ಯುತ್ತದೆ. ತೆಳುವಾದ ಚರ್ಮದ ಗ್ಲೌಸ್ ಹಾಕಿಕೊಂಡರೆ ಇನ್ನೂ ನೆಮ್ಮದಿ.

ಪ್ರತಿ ಮರದ ಬಾಣವನ್ನೂ ಹೊಡೆಯುವ ಮೊದಲು ಕೈಯಲ್ಲಿ ಬಾಗಿಸಿ, ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಿರುಕು ಬಿಟ್ಟ ಕಡ್ಡಿ ಬಿಲ್ಲಿನ ಮೇಲೆಯೇ ಸೀಳಿ ಎಡ ಮುಂಗೈಗೆ ನೆಡಬಲ್ಲದು. ಬಾಣದ ಉದ್ದ ನಿಮ್ಮ ಎಳೆತಕ್ಕಿಂತ ಒಂದು ಅಂಗುಲವಾದರೂ ಹೆಚ್ಚಿರಲಿ, ಇಲ್ಲದಿದ್ದರೆ ಮೊನೆ ಬೆರಳಿನ ಹಿಂದಕ್ಕೆ ಬಂದುಬಿಡುತ್ತದೆ.

ಮೊದಲ ಬಾಣಗಳು

ಜಾಗದ ವಿಷಯದಲ್ಲಿ ರಾಜಿ ಬೇಡ. 40 ಪೌಂಡಿನ ಲಾಂಗ್‌ಬೋದ ಬಾಣ ಮೇಲ್ಮುಖವಾಗಿ ಹೋದರೆ ನೂರು ಮೀಟರ್ ಮೀರಿ ಹಾರುತ್ತದೆ. ಬಿಲ್ಲುಗಾರಿಕೆಯ ಮೈದಾನ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಹಿಂದೆ ಮಣ್ಣಿನ ದಿಬ್ಬವಿರುವ, ಯಾರೂ ಓಡಾಡದ ಸ್ವಂತ ಜಮೀನು ಬೇಕು. ಊರ ಆಟದ ಮೈದಾನ, ಮನೆಯ ತಾರಸಿ ಸಲ್ಲದು. ಹಂದಿ, ಮೊಲಗಳ ಮೇಲೆ ಪ್ರಯೋಗಿಸುವ ಆಲೋಚನೆ ಇದ್ದವರಿಗೆ ಹೇಳಬೇಕಾದದ್ದು ಒಂದೇ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ.

ಗುರಿಯನ್ನು ಎಂಟು ಹತ್ತು ಮೀಟರ್ ದೂರದಲ್ಲಿ ಎದೆಮಟ್ಟಕ್ಕೆ ಇರಿಸಿ. ಒತ್ತಾಗಿ ಕಟ್ಟಿದ ಹುಲ್ಲಿನ ದಪ್ಪ ಹೊರೆ ಒಳ್ಳೆಯದು. ಎಡ ಮುಂಗೈಗೆ ಚರ್ಮದ ಪಟ್ಟಿ, ಬಲಗೈ ಬೆರಳುಗಳಿಗೆ ಟ್ಯಾಬ್, ಎಂದರೆ ಬೆರಳುಗಳನ್ನು ಹೆದೆಯಿಂದ ಕಾಯುವ ತುಂಡು, ಕಡ್ಡಾಯ. ಹೆದೆಯ ನಡುವೆ ಬಾಣ ಕೂರುವ ಜಾಗಕ್ಕೆ, ಬಾಣ ಹೆದೆಗೆ ಲಂಬಕೋನದಲ್ಲಿ ನಿಲ್ಲುವ ಬಿಂದುವಿಗಿಂತ ಸುಮಾರು 10 ಮಿಲಿಮೀಟರ್ ಮೇಲೆ, ದಾರ ಸುತ್ತಿ ಗುರುತು ಮಾಡಿ. ಬಾಣದ ಕಾಡಿ ಈ ಗುರುತಿನ ಕೆಳಗೆ ಕೂರುತ್ತದೆ. ಮೂರು ಗರಿಗಳಲ್ಲಿ ಬಣ್ಣ ಬೇರೆಯಿರುವ ಗರಿ ಬಿಲ್ಲಿನಿಂದ ಹೊರಕ್ಕೆ, ಎಡಕ್ಕೆ ಮುಖಮಾಡಿರಲಿ.

ಮೊದಲ ಕೆಲವು ಬಾಣಗಳನ್ನು ಪೂರ್ಣ ಎಳೆತಕ್ಕಿಂತ ಎರಡು ಅಂಗುಲ ಕಡಿಮೆ ಎಳೆದು ಬಿಡಿ. ಗುರಿಯಲ್ಲಿ ಎಲ್ಲಿ ತಾಗಿತು ಎಂಬುದನ್ನು ಈಗ ನೋಡಲೇಬೇಡಿ. ಎಡಗೈಗೆ ಬರುವ ಒದೆ, ಬಿಟ್ಟ ಕ್ಷಣದ ಸದ್ದು, ಬಾಣ ಹೊರಡುವಾಗ ಬಾಲ ಅಲುಗುವ ದಿಕ್ಕು ಇವಿಷ್ಟು ಗಮನಕ್ಕೆ ಬಂದರೆ ಸಾಕು. ಪ್ರತಿ ಕೆಲವು ಬಾಣಗಳ ನಂತರ ಬಿಲ್ಲಿನ ಬೆನ್ನು, ಹೊಟ್ಟೆ ನೋಡಿ. ಏನೂ ಬದಲಾಗದಿದ್ದರೆ ಪೂರ್ಣ ಎಳೆತಕ್ಕೆ ಹೋಗಿ, ಬಾಯಿಯ ಅಂಚಿಗೆ ಬೆರಳು ತಾಗಿದೊಡನೆ ಬಿಡಿ. ಆಧುನಿಕ ಬಿಲ್ಲಿನಲ್ಲಿ ಕಲಿತವರು ಎಳೆದು ಹಿಡಿದು ನಿಧಾನವಾಗಿ ಗುರಿ ನೋಡುತ್ತಾರೆ. ಮರದ ಬಿಲ್ಲನ್ನು ಹಾಗೆ ಹಿಡಿದಷ್ಟೂ ಅದರ ಹೊಟ್ಟೆಯ ನಾರುಗಳು ಬಳಲುತ್ತವೆ, ಬಾಣದ ವೇಗವೂ ಕುಗ್ಗುತ್ತದೆ. ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದು ಲಾಂಗ್‌ಬೋದ ರೀತಿಯಲ್ಲ.

ಒದೆ ಮತ್ತು ಸದ್ದು ಹೆಚ್ಚೆನಿಸಿದರೆ ಹೆದೆಗೆ ಮೂರು ನಾಲ್ಕು ಸುತ್ತು ಸೇರಿಸಿ ಬ್ರೇಸ್ ಹೈಟನ್ನು ಕಾಲು ಅಂಗುಲ ಏರಿಸಿ ಮತ್ತೆ ಹೊಡೆದು ನೋಡಿ. ಒಂದು ಹಂತದಲ್ಲಿ ಸದ್ದು ಮೆತ್ತಗಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಮಾಡಿದವರು ಹೇಳಿದ ಗರಿಷ್ಠ ಮಿತಿಯನ್ನು ದಾಟಬಾರದು, ಏಕೆಂದರೆ ಬ್ರೇಸ್ ಹೈಟ್ ಹೆಚ್ಚಿದಷ್ಟೂ ಬಿಲ್ಲು ಸುಮ್ಮನಿರುವಾಗಲೂ ಹೆಚ್ಚು ಬಾಗಿಯೇ ಇರುತ್ತದೆ.

ಕೈ ಪಳಗಿ ಬಾಣಗಳು ಒಂದೆಡೆ ಗುಂಪಾಗಿ ಬೀಳತೊಡಗಿದ ಮೇಲೆ ಗರಿಯಿಲ್ಲದ ಬಾಣದ ಪರೀಕ್ಷೆ ಮಾಡಬಹುದು. ಮೂರು ಗರಿಯ ಬಾಣಗಳ ಜೊತೆಗೆ ಅದೇ ತೂಕದ, ಅದೇ ಸ್ಪೈನ್‌ನ ಗರಿಯಿಲ್ಲದ ಒಂದು ಬಾಣವನ್ನು ಹತ್ತಿರದಿಂದಲೇ ಹೊಡೆಯಿರಿ. ಅದು ಗುಂಪಿನ ಎಡಕ್ಕೆ ಬಿದ್ದರೆ ಕಡ್ಡಿ ಬಿಗಿ, ಬಲಕ್ಕೆ ಬಿದ್ದರೆ ಮೆದು. ಗುಂಪಿಗಿಂತ ಕೆಳಗೆ ಬಿದ್ದರೆ ಹೆದೆಯ ಮೇಲಿನ ಗುರುತು ಎತ್ತರದಲ್ಲಿದೆ, ಮೇಲೆ ಬಿದ್ದರೆ ತಗ್ಗಿನಲ್ಲಿದೆ. ಬಿಗಿಯಾದ ಕಡ್ಡಿಗೆ ಭಾರದ ಮೊನೆ ಹಾಕಿದರೆ ಅದು ಮೆದುವಿನಂತೆ ವರ್ತಿಸುತ್ತದೆ. ಮೆದುವಾದ ಕಡ್ಡಿಯನ್ನು ಉದ್ದ ಉಳಿದಿದ್ದರೆ ಸ್ವಲ್ಪ ಕತ್ತರಿಸಬಹುದು. ಗರಿಯಿಲ್ಲದ ಮರದ ಬಾಣ ಓರೆಯಾಗಿ ಬಡಿದು ಬೇಗ ಮುರಿಯುವುದರಿಂದ ಈ ಪರೀಕ್ಷೆಯನ್ನು ಅಗತ್ಯಕ್ಕಿಂತ ಹೆಚ್ಚು ಸಲ ಮಾಡಬೇಕಿಲ್ಲ.

ಹೆದೆ ಇಳಿಸಿದ ಮೇಲೆ

ಹೆದೆ ಇಳಿಸಿದ ಕೂಡಲೇ ಬಿಲ್ಲನ್ನು ಮೊದಲಿನಂತೆ ಗೋಡೆಗೆ ಹಿಡಿದು ತುದಿಗಳ ಅಂತರ ಅಳೆಯಿರಿ, ಮರುದಿನ ಮತ್ತೊಮ್ಮೆ ಅಳೆಯಿರಿ. ಇಳಿಸಿದ ತಕ್ಷಣ ಮರ ಹೆದೆಯ ಕಡೆಗೆ ಬಾಗಿಯೇ ಇರುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಅದರಲ್ಲಿ ಒಂದು ಪಾಲು ಮರಳಿ ನೆಟ್ಟಗಾಗುತ್ತದೆ. ಉಳಿಯುವ ಬಾಗಿಗೆ ಸೆಟ್ ಎನ್ನುತ್ತಾರೆ. ಒಂದರಿಂದ ಎರಡು ಅಂಗುಲದ ಸೆಟ್ ಒಂದೇ ತುಂಡಿನ ಬಿಲ್ಲಿಗೆ ಸಾಮಾನ್ಯ. ಹೊಸ ಬಿಲ್ಲು ಮೊದಲ ನೂರಿನ್ನೂರು ಬಾಣಗಳಲ್ಲಿ ಸ್ವಲ್ಪ ಸೆಟ್ ಪಡೆದು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದೆ ಪ್ರತಿ ಅಭ್ಯಾಸಕ್ಕೂ ಬೆಳೆಯುತ್ತಿದ್ದರೆ ಎರಡರಲ್ಲಿ ಒಂದು ನಡೆದಿದೆ: ಬಿಲ್ಲನ್ನು ಅದರ ಅಂಗುಲ ಮೀರಿ ಎಳೆಯಲಾಗುತ್ತಿದೆ, ಇಲ್ಲವೇ ಮರ ತೇವ ಕುಡಿದಿದೆ.

ತೇವದ ವಿಷಯ ನಮ್ಮ ನಾಡಿನಲ್ಲಿ ಉಪೇಕ್ಷಿಸುವಂಥದ್ದಲ್ಲ. ಬಿಲ್ಲು ಮಾಡುವವರು ಮರದಲ್ಲಿ ಶೇಕಡ 8ರಿಂದ 10ರಷ್ಟು ತೇವ ಉಳಿಯುವಂತೆ ಒಣಗಿಸಿರುತ್ತಾರೆ. ಕರಾವಳಿ, ಮಲೆನಾಡುಗಳ ಮಳೆಗಾಲದ ಗಾಳಿಯಲ್ಲಿ ವಾರಗಟ್ಟಲೆ ಇಟ್ಟ ಮರ ಅದಕ್ಕಿಂತ ಬಹಳ ಹೆಚ್ಚು ತೇವ ಹೀರಿಕೊಂಡು ಮೆತ್ತಗಾಗುತ್ತದೆ. ಅಂಥ ಬಿಲ್ಲನ್ನು ಎಳೆದರೆ ಮುರಿಯುವುದಿಲ್ಲ, ಸೆಟ್ ಬಿದ್ದು ಸೋತುಹೋಗುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯ ಒಣಹವೆಯಲ್ಲಿ ಇದಕ್ಕೆ ವಿರುದ್ಧವಾಗಿ ಮರ ಬಿರುಸಾಗಿ, ಬೆನ್ನು ಸಿಡಿಯುವ ಅಪಾಯ ಹೆಚ್ಚುತ್ತದೆ. ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಶಿರಸಿಯ ಕಡೆಯವರು ಬಿಲ್ಲನ್ನು ಮನೆಯ ಒಣ ಕೋಣೆಯಲ್ಲಿಟ್ಟು, ಮೈಗೆ ತೆಳುವಾಗಿ ಮೇಣ ಹಚ್ಚಿ, ಮಳೆ ಹನಿಯುವ ದಿನ ಹೊರತೆಗೆಯದಿರುವುದು ಒಳಿತು; ಬಯಲುಸೀಮೆಯವರು ಮಧ್ಯಾಹ್ನದ ಬಿಸಿಲು ಬಿಟ್ಟು ಬೆಳಗ್ಗೆ ಅಭ್ಯಾಸ ಮಾಡಲಿ, ನಿಲ್ಲಿಸಿದ ಕಾರಿನಲ್ಲಿ ಬಿಲ್ಲು ಬಿಡದಿರಲಿ. ವಿದೇಶದಿಂದ ತರಿಸಿದ ಬಿಲ್ಲನ್ನು ನಿಮ್ಮೂರಿನ ಹವೆಗೆ ಹೊಂದಿಕೊಳ್ಳಲು ಒಂದೆರಡು ವಾರ ಹೆದೆಯಿಲ್ಲದೆ ಇಟ್ಟು ಆಮೇಲೆ ಮೇಲಿನ ಪರೀಕ್ಷೆಗಳನ್ನು ಆರಂಭಿಸಿದರೆ ಫಲಿತಾಂಶ ನಂಬಲರ್ಹವಾಗಿರುತ್ತದೆ.

ಬಿಲ್ಲನ್ನು ಮೂಲೆಗೆ ಒರಗಿಸಿಡಬೇಡಿ. ತನ್ನದೇ ಭಾರಕ್ಕೆ ಕೆಳಗಿನ ಲಿಂಬ್ ಬಾಗಬಹುದು. ಗೋಡೆಗೆ ಎರಡು ಗೂಟ ಹೊಡೆದು ಅಡ್ಡವಾಗಿ ಮಲಗಿಸಿ.

ದೋಷ ಕಂಡಾಗ ಮರಳುಕಾಗದ ಹಿಡಿದು ನೀವೇ ಉಜ್ಜಲು ಹೋಗಬೇಡಿ. ಬೆನ್ನಿನ ಒಂದು ಎಳೆ ಕತ್ತರಿಸಿದರೂ ಬಿಲ್ಲು ಅಲ್ಲಿಂದ ಸಿಡಿಯುತ್ತದೆ. ಹೊಟ್ಟೆಯಿಂದ ಸ್ವಲ್ಪ ಮರ ತೆಗೆದರೂ ಭಾರ ಹಲವು ಪೌಂಡ್ ಇಳಿಯುತ್ತದೆ. ಹೆದೆಯಿಲ್ಲದ ಬಿಲ್ಲು, ಹೆದೆಯೇರಿಸಿದ ಬಿಲ್ಲು, ಟೈಲ್ಸ್ ಗೋಡೆಯ ಮುಂದೆ ಎಳೆದ ಬಿಲ್ಲು ಈ ಮೂರು ಫೋಟೋಗಳನ್ನೂ, ಅಂಗುಲವಾರು ಭಾರದ ಪಟ್ಟಿಯನ್ನೂ, ಗೋಡೆಯಿಂದ ತುದಿಗಳ ಅಂತರದ ಹಿಂದಿನ ಮತ್ತು ಇಂದಿನ ಅಳತೆಗಳನ್ನೂ ಮಾಡಿದವರಿಗೆ ಕಳುಹಿಸಿ. ಬಿಲ್ಲು ಬಲ್ಲವರಿಗೆ ಇಷ್ಟು ಸಿಕ್ಕರೆ ಎಲ್ಲಿ ಮರ ತೆಗೆಯಬೇಕು, ತೆಗೆಯಬೇಕೋ ಬೇಡವೋ ಎಂಬುದನ್ನು ದೂರದಿಂದಲೇ ಹೇಳಬಲ್ಲರು. ಹೊಟ್ಟೆಯಲ್ಲಿ ಅಡ್ಡಗೆರೆಗಳು ಕಾಣಿಸಿಕೊಂಡಿದ್ದರೆ ಮಾತ್ರ ಉತ್ತರ ಬರುವವರೆಗೂ ಹೆದೆ ಏರಿಸಬೇಡಿ.